ಶೇಕಡಾ 44 ಮತ್ತು ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪು

ಕುಶಾಲನಗರದಲ್ಲಿ ಒಟ್ಟಿಗೆ ಓದಿದ ನಮ್ಮ ಗುಂಪಿಗೆ ಭಾನುವಾರ ಪೊನ್ನಪ್ಪ ಒಂದು ಚಿತ್ರ ಹಾಕಿದ. "ಆಶ್ರಯ ಕೇಳಿ ಬರುವವರಲ್ಲಿ ಶೇ. 44 ಮಂದಿ ಚಿತ್ರಹಿಂಸೆ ಅನುಭವಿಸಿದವರು" ಎಂದು ಕೆಂಪು ಅಕ್ಷರ. ಕೆಳಗೆ ಅವನದೇ ಷರಾ: "ಹೇಳುವವರಿಗಿಲ್ಲದ ಬುದ್ಧಿ ಕೇಳುವವರಿಗಾದರೂ ಬೇಡವೇ? ನಾಳೆ ನಮ್ಮ ತೋಟದಾಳುಗಳ ಲೈನ್‌ಮನೆಗೆ ಬಂದು ಸೇರುವವರೂ ಇದೇ ಕಥೆ ಹೇಳುತ್ತಾರೆ."

ನಗುವ ಮುಖಗಳು ಸಾಲುಗಟ್ಟಿದವು. ಆಮೇಲೆ ಜಯಂತಿ ಬಂದಳು. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು. ಶುಭೋದಯಕ್ಕೂ ಆಧಾರ ಕೇಳುತ್ತಾಳೆಂದು ಅವಳ ಮೇಲೆ ದೂರಿದೆ.

"ಯಾವ ದೇಶದ ಲೆಕ್ಕ? ಓದಿ ಕಳಿಸಿದ್ದೀಯಾ?"

"ಓದಲು ಏನಿದೆ? ಚಿತ್ರದಲ್ಲೇ ಇದೆಯಲ್ಲ."

"ಇಲ್ಲ. ಅದು ಅಮೆರಿಕದ ಲೆಕ್ಕ. ಇಂಥವರಿಗೆ ಚಿಕಿತ್ಸೆ ಕೊಡುವ ಮಿನ್ನೆಸೋಟದ ಸಂಸ್ಥೆಯೊಂದು ಹಿಂದಿನ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಮಾಡಿದ ಅಂದಾಜು. ಅದಕ್ಕೆ ಮೊದಲು ಚಾಲ್ತಿಯಲ್ಲಿದ್ದದ್ದು ಶೇ. 5ರಿಂದ 35. ನಲವತ್ತು ದೇಶಗಳ ಎಂಬತ್ತು ಸಾವಿರಕ್ಕೂ ಹೆಚ್ಚು ನಿರಾಶ್ರಿತರು, ಸಂಘರ್ಷಪೀಡಿತರ ಸಮೀಕ್ಷೆಗಳನ್ನು 2009ರಲ್ಲಿ ಒಟ್ಟುಮಾಡಿದಾಗ ಬಂದದ್ದು ಶೇ. 21. ಇಂಥ ಅಧ್ಯಯನಗಳ 2016ರ ಪರಿಶೀಲನೆಯಲ್ಲಿ ಅಧ್ಯಯನಕ್ಕೊಂದು ಸಂಖ್ಯೆ, ಶೇ. 1ರಿಂದ 76ರವರೆಗೆ."

"ಒಂದರಿಂದ ಎಪ್ಪತ್ತಾರು! ಯಾರಿಗೂ ಗೊತ್ತಿಲ್ಲ ಎಂದಾಯಿತು. ನಾನು ಹೇಳಿದ್ದೂ ಅದನ್ನೇ," ಎಂದ ಪೊನ್ನಪ್ಪ. ಅವನು ಹೇಳಿದ್ದು ಅದಲ್ಲವೆಂದು ಮೇಲೆ ಸರಿಸಿ ನೋಡಿದರೆ ತಿಳಿಯುತ್ತಿತ್ತು. ಯಾರೂ ಸರಿಸಲಿಲ್ಲ.

ಜಯಂತಿ ಬಿಡುವವಳಲ್ಲ. "ಚಿಕಿತ್ಸಾಲಯಕ್ಕೆ ಬಂದವರನ್ನಷ್ಟೇ ಕೇಳಿದರೆ ಸಂಖ್ಯೆ ಏರುತ್ತದೆ. ದುಭಾಷಿ ತಮ್ಮೂರಿನವನೇ ಆಗಿದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲ, ಆಗ ಇಳಿಯುತ್ತದೆ. ಠಾಣೆಯಲ್ಲಿ ಹೊಡೆಸಿಕೊಂಡದ್ದನ್ನು ಚಿತ್ರಹಿಂಸೆ ಎಂದೇ ಎಣಿಸದವರಿದ್ದಾರೆ. ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆ ಮಾಡಿದ 1984ರ ಒಡಂಬಡಿಕೆಯಂತೆ, ಚಿತ್ರಹಿಂಸೆ ಎನ್ನಬೇಕಾದರೆ ಅಧಿಕಾರದಲ್ಲಿರುವವರ ಕೈ, ಕನಿಷ್ಠ ಮೌನಸಮ್ಮತಿ, ಇರಬೇಕು. ಎಲ್ಲ ಅಧ್ಯಯನಗಳೂ ಅದನ್ನು ನೋಡುವುದಿಲ್ಲ. ಮನೆ ಹಿಂದಿನ ನಾಲ್ಕು ಕಾಫಿ ಗಿಡ ನೋಡಿ ನೀನು ಇಡೀ ತೋಟದ ಫಸಲು ಹೇಳುತ್ತೀಯಾ?"

ಕಾಫಿಯ ಹೆಸರೆತ್ತಬಾರದಿತ್ತು. ವರ್ಷಗಟ್ಟಲೆ ಸದ್ದಿಲ್ಲದಿದ್ದ ಬೆಳೆಗಾರರೆಲ್ಲ ಎದ್ದು ಕುಳಿತರು. ಹೂಮಳೆ ತಡವಾದ ವರ್ಷ ಅಂದಾಜು ಎಷ್ಟಿತ್ತು, ಕಣಕ್ಕೆ ಬಂದದ್ದೆಷ್ಟು, ಅದನ್ನು ನಂಬಿ ರೊಬಸ್ಟಾ ಯಾರು ಬೇಗ ಮಾರಿಕೊಂಡರು ಎಂದು ಮಧ್ಯಾಹ್ನದವರೆಗೆ ನಡೆಯಿತು.

ನಡುವೆ ಮೇಷ್ಟ್ರ ಧ್ವನಿಸಂದೇಶ: "ನೊಂದವರನ್ನು ಎಣಿಸುವುದೇ ಅವಿವೇಕ. ಅನ್ನ ಕೊಡಬೇಕು, ಲೆಕ್ಕ ಕೇಳಬಾರದು."

"ಎಣಿಸದಿದ್ದರೆ ಎಷ್ಟು ಜನಕ್ಕೆ ವೈದ್ಯರು ಬೇಕೆಂದು ಹೇಗೆ ತಿಳಿಯುತ್ತದೆ, ಸರ್?" ಎಂದಳು ಜಯಂತಿ. ಮೇಷ್ಟ್ರು ಕೈಮುಗಿದ ಚಿತ್ರ ಕಳಿಸಿದರು. ಅದು ಒಪ್ಪಿಗೆಯೋ ಸಿಟ್ಟೋ ಈಗಲೂ ಗೊತ್ತಾಗಿಲ್ಲ.

ರಫೀಕನಿಗೆ ನಿರಾಶ್ರಿತರೆಂದ ಕೂಡಲೇ ಬೈಲುಕುಪ್ಪೆ. "1961ರಲ್ಲಿ ಟಿಬೆಟಿನವರು ಬಂದಾಗ ಅಲ್ಲೆಲ್ಲ ಕಾಡು ಎನ್ನುತ್ತಿದ್ದರು ನಮ್ಮಪ್ಪ. ಶಾಲೆ ತಪ್ಪಿಸಿ ಹೊಳೆ ದಾಟಿ ಅವರ ಮುಸುಕಿನ ಜೋಳ ಮುರಿಯುತ್ತಿದ್ದೆವಲ್ಲ, ನೆನಪಿದೆಯಾ? ಹಾಲು ತುಂಬಿದ ತೆನೆ, ಅಲ್ಲೇ ಸುಟ್ಟು ತಿಂದದ್ದು!"

"ಅವರಲ್ಲಿ ಒಬ್ಬರನ್ನಾದರೂ, ಅಲ್ಲಿ ನಿಮಗೆ ಏನಾಯಿತು ಎಂದು ನಾವು ಕೇಳಿದ್ದೆವಾ?" ಎಂದಳು ಜಯಂತಿ.

"ಜೋಳ ಕದಿಯಲು ಹೋದವರು ಕುಶಲ ವಿಚಾರಿಸುತ್ತಾರಾ?" ಎಂದ ರಫೀಕ್.

ಆಗ ಕಾವೇರಪ್ಪ, ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ನಿಪುಣ: "ಲೆಕ್ಕ ಎಂದಾಗ ನೆನಪಾಯಿತು. 2018ರ ಮಳೆಯಲ್ಲಿ ಮನೆ ಕಳೆದುಕೊಂಡವರಿಗೆಂದು ಗುಂಪು ಕೂಡಿಸಿದ ಹಣದ ಲೆಕ್ಕ ಪೊನ್ನಪ್ಪನಿಂದ ಇನ್ನೂ ಬಂದಿಲ್ಲ."

ಪೊನ್ನಪ್ಪ ಕಂಬಳಿಯ ರಸೀದಿ, ಜೀಪಿನ ಬಾಡಿಗೆ ಚೀಟಿ, ಮಸುಕಾದ ಅಕ್ಕಿ ಬಿಲ್ಲು ಎಲ್ಲವನ್ನೂ ಒಂದೊಂದಾಗಿ ಫೋಟೋ ತೆಗೆದು ಹಾಕತೊಡಗಿದ. ಅವುಗಳ ನಡುವೆ ಜಯಂತಿಯ ಒಂದು ಸಾಲು: "ಆ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ."

"ಅದಕ್ಕೂ ನಾನೇ ಲೆಕ್ಕ ಕೊಡಬೇಕೇ?" ಎಂದ ಪೊನ್ನಪ್ಪ.