ಭುಜ ಪದೇ ಪದೇ ಜಾರುತ್ತಿದೆ, ‘ಟೈಪ್ 2’ ಅಂದರೇನು?

ಡೊಂಬಿವಲಿಯಿಂದ: ಮಗಳಿಗೆ 19. ಎರಡು ವರ್ಷದಿಂದ ಬಲ ಭುಜ ಜಾರುತ್ತಿದೆ. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಮೊನ್ನೆ ಲೋಕಲ್‌ನಲ್ಲಿ ಮೇಲಿನ ಹಿಡಿ ಹಿಡಿದಾಗ ಮತ್ತೆ ಜಾರಿತು. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ‘ಟೈಪ್ 2, ಮೊದಲು ವ್ಯಾಯಾಮ’ ಎಂದು ಬರೆದುಕೊಟ್ಟರು. ಅನುಭವ ಇದ್ದವರು ಹೇಳಿ.

ಮಾಟುಂಗದಿಂದ: ನಂದು ಕಬಡ್ಡಿಯ ಭುಜ ಮಾರಾಯ್ರೆ. ರೈಡ್‌ಗೆ ಹೋದವ ಕೈ ಚಾಚಿದ್ದೆ, ಇಬ್ಬರು ಹಿಂದಕ್ಕೆ ಎಳೆದರು. ಭುಜದ ದುಂಡು ಹೋಗಿ ಚೌಕ ಆಯ್ತು, ಮುಂದೆ ಚರ್ಮದಡಿ ಗಂಟು. ಎಂಆರ್‌ಐಯಲ್ಲಿ ‘ಬ್ಯಾಂಕಾರ್ಟ್’ ಅಂತ ಬಂತು. ಭುಜದ ಕೀಲಿನ ಬಟ್ಟಲಿನ ಅಂಚು ಮುಂದುಗಡೆ ಕಿತ್ತಿತ್ತಂತೆ. ನಾಲ್ಕು ಸಲ ತಪ್ಪಿದ ಮೇಲೆ ಹೊಲಿಸಿಕೊಂಡೆ, ಈಗ ಆರಾಮ. ಆದ್ರೆ ಇದು ಟೈಪ್ 1, ನನ್ನ ಕತೆ ಕೇಳಿ ಮಗಳಿಗೆ ಕತ್ತರಿ ಹಾಕಿಸಬೇಡಿ.

ಪುಣೆಯಿಂದ, ಫಿಸಿಯೋಥೆರಪಿಸ್ಟ್: ಆ ಎರಡನೇ ಡಾಕ್ಟರು ಹೇಳಿದ್ದು ಲಂಡನ್ನಿನ ಸ್ಟಾನ್‌ಮೋರ್ ಆಸ್ಪತ್ರೆಯ ವಿಂಗಡಣೆ. ಒಂದು ತ್ರಿಕೋನ ಅಂದುಕೊಳ್ಳಿ. ಒಂದು ಮೂಲೆಯಲ್ಲಿ ಪೆಟ್ಟಿನಿಂದ ಹರಿದದ್ದು. ಎರಡನೆಯದರಲ್ಲಿ, ಅಂದರೆ ಟೈಪ್ 2ರಲ್ಲಿ, ಪೆಟ್ಟಿಲ್ಲದೆ ಕೀಲಿನ ಚೀಲವೇ ಸಡಿಲಾದದ್ದು. ಮೂರನೆಯದರಲ್ಲಿ ಕೀಲು ಸರಿಯೇ ಇದೆ, ಸ್ನಾಯುಗಳು ತಪ್ಪು ಹೊತ್ತಿಗೆ ಎಳೆಯುತ್ತವೆ. ಅಲ್ಲಿ ಚಾಕು ಹಾಕಿದರೆ ಎಷ್ಟೋ ಸಲ ಇನ್ನಷ್ಟು ಕೆಡುತ್ತದೆ. ಎಲ್ಲರೂ ಮೂಲೆಯಲ್ಲೇ ಕೂರುವುದಿಲ್ಲ. 2 ಮತ್ತು 3ರ ನಡುವೆ ಇರುವವರನ್ನೇ ನಾನು ಹೆಚ್ಚು ನೋಡಿದ್ದೇನೆ, ಕಾಲ ಕಳೆದಂತೆ ಅತ್ತಿತ್ತ ಸರಿಯುವುದೂ ಉಂಟು.

ಮನೆಯಲ್ಲೇ ನೋಡಿ: ಮಣಿಕಟ್ಟು ಬಗ್ಗಿಸಿ ಹೆಬ್ಬೆರಳು ಒತ್ತಿದರೆ ಮುಂಗೈಗೆ ತಾಗುತ್ತಾ? ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತಾ? ಇವು ಮೈಯ ಕೀಲುಗಳು ಎಷ್ಟು ಸಡಿಲ ಎಂದು ಅಳೆಯುವ ಬೈಟನ್ ಲೆಕ್ಕದ 9 ಅಂಕಗಳಲ್ಲಿ ಸೇರಿವೆ. ಸಡಿಲ ಇದ್ದ ಮಾತ್ರಕ್ಕೆ ರೋಗವಲ್ಲ, ಆದರೆ ಡಾಕ್ಟರಿಗೆ ಹೇಳಿ. ಯಾವ ಕಡೆ ಜಾರುತ್ತದೆ ಅನ್ನುವುದನ್ನೂ ಹೇಳಿ. ಸಾಮಾನ್ಯವಾಗಿ ಮುಂದಕ್ಕೆ, ಫಿಟ್ಸ್ ಅಥವಾ ಕರೆಂಟ್ ಹೊಡೆದಾಗ ಹಿಂದಕ್ಕೂ ತಪ್ಪುತ್ತದೆ. ಭುಜ ಜಾರಿದ್ದು ಕೂರದೇ ಇದ್ದರೆ, ಕೈ ಜೋಮು ಹಿಡಿದರೆ ನೇರ ಆಸ್ಪತ್ರೆಗೆ. ಎಳೆದು ಕೂರಿಸುವವರ ಹತ್ತಿರ ಬೇಡ.

ವಾಸ್ಕೋದಿಂದ: ನಮ್ಮ ಹುಡುಗೀದೂ ಹಿಂಗ ಇತ್ರಿ. ಗೆಳತ್ಯಾರಿಗೆ ತೋರಸಾಕ ಬೇಕಂತ ‘ಟಕ್’ ಅನಸ್ತಿದ್ಲು! ಮೊದಲು ಅದನ್ನ ಬಿಡಿಸಿದ್ರು. ಆಮ್ಯಾಲೆ ಆರು ತಿಂಗಳು ಕನ್ನಡಿ ಮುಂದ ನಿಂತು ರಬ್ಬರ್ ಪಟ್ಟಿ ಎಳ್ಯೂದು, ಬೆನ್ನಿನ ರೆಕ್ಕಿ ಎಲುಬು ನೆಟ್ಟಗ ಇಡೂದು. ಬ್ಯಾಸರ ಬರತೈತ್ರಿ, ಖರೇ. ಈಗ ಜಾರಿಲ್ಲ.

ಡೊಂಬಿವಲಿಯಿಂದ: ಈಗಷ್ಟೇ ನೋಡಿದೆವು. ಮಗಳ ಹೆಬ್ಬೆರಳು ಸಲೀಸಾಗಿ ಮುಂಗೈಗೆ ತಾಗಿತು. ಪಕ್ಕದಲ್ಲಿ ಕೂತಿದ್ದ ಅವಳ ಅಮ್ಮನದೂ.