ಬಲಗಡೆ ಹೆಡ್‌ಲೈಟ್ ಬದಲಿಸಿದ ಮೇಲೆ ಎದುರಿನವರ ಕಣ್ಣಿಗೆ ಹೊಡೀತದೆ, ಸೆಟಿಂಗ್ ಹೇಗೆ?

ಹುಲೇಕಲ್ ವ್ಯಾಗನ್‌ಆರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ವ್ಯಾಗನ್‌ಆರ್, ಹ್ಯಾಲೋಜನ್ ಲೈಟು. ಗಾಳಿಮಳೆಗೆ ಟೊಂಗೆ ಮುರಿದು ಬಿದ್ದು ಬಲಗಡೆ ಹೆಡ್‌ಲೈಟ್ ಒಡೆದುಹೋಯ್ತು. ಪೂರ್ತಿ ಅಸೆಂಬ್ಲಿಯೇ ಹೊಸದು ಹಾಕಿಸಿದೆ. ಗ್ಯಾರೇಜಿನವರು ಹಗಲು ಬೆಳಕಲ್ಲೇ ಗೋಡೆಗೆ ಒಂದ್ಸಲ ಬಿಟ್ಟು ನೋಡಿ "ಸರಿ ಉಂಟು" ಅಂದು ಕಳಿಸಿದರು. ಈಗ ರಾತ್ರಿ ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಡಿಮ್ ಇಟ್ಟಿದ್ದರೂ ಎದುರಿನ ಲಾರಿಯವರು ಲೈಟ್ ಹೊಡೆದು ಬಯ್ತಾರೆ. ಎಡಗಡೆದು ರಸ್ತೆ ಮೇಲೇ ಬೀಳ್ತದೆ, ಬಲಗಡೆದು ಮರದ ಎಲೆ ತೋರಿಸ್ತದೆ. ಎದುರು ಬೈಕಿನವರು ಬಂದಾಗ ನನಗೇ ಜೀವ ಝಲ್ ಅಂತದೆ.

ಮನೇಲೇ ಸರಿ ಮಾಡ್ಲಿಕ್ಕೆ ಆಗ್ತದಾ? ನಮ್ಮಲ್ಲಿ ಸಪಾಟು ಜಾಗ ಅಂದ್ರೆ ಅಡಿಕೆ ಒಣಗಿಸೋ ಅಂಗಳ ಒಂದೇ. ಅದರ ತುದಿಗೆ ಕೊಟ್ಟಿಗೆ ಗೋಡೆ ಉಂಟು, ಆದ್ರೆ ಅದರ ಬುಡ ಅಂಗಳಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಬೈತಖೋಲ ಟ್ಯಾಕ್ಸಿ:
ಶೋರೂಮಿನ ಸರ್ವಿಸ್‌ನಲ್ಲಿ ಬೀಮ್ ಸೆಟಿಂಗ್ ಮಷಿನ್ ಇದ್ರೆ ಅಲ್ಲಿ ಹತ್ತು ನಿಮಿಷದ ಕೆಲಸ. ಅಲ್ಲಿವರೆಗೆ ರಾತ್ರಿ ಘಟ್ಟ ಇಳೀಬೇಡಿ.

ಅಂಕೋಲೆ ವೈರಿಂಗ್:
ಮನೇಲೇ ಆಗ್ತದೆ ಹೆಗಡೇರೇ (ಹುಲೇಕಲ್ ಅಂದ್ರಲ್ಲ, ಹೆಗಡೇರೋ ಭಟ್ರೋ ಇರ್ಬೇಕು). ನಾನು ಗಾಡಿ ವೈರಿಂಗ್ ಕೆಲಸದವ. ಆದ್ರೆ ಸೆಟಿಂಗ್ ಸ್ಕ್ರೂ ಮುಟ್ಟೋದು ಕಡೆಗೆ. ಮೊದಲು ಬಲ್ಬ್ ನೋಡಿ.

ಹಿಂದಿನ ರಬ್ಬರ್ ಮುಚ್ಚಳ ತೆಗೀರಿ. ನಿಮ್ಮದು ಎಚ್4 ಬಲ್ಬ್ ಆಗಿದ್ರೆ ಅದರ ಸುತ್ತ ತಗಡಿನ ಮೂರು ಕಿವಿ ಇರ್ತದೆ. ಒಂದು ಅಗಲ, ಅದು ಮೇಲೆ ಬರಬೇಕು. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತ ಮೇಲೇ ಸ್ಪ್ರಿಂಗ್ ಕ್ಲಿಪ್ ಹಾಕಬೇಕು. ಗಡಿಬಿಡಿಯಲ್ಲಿ ಒಂದು ಕಿವಿ ಹೊರಗೇ ಉಳಿದರೂ ಕ್ಲಿಪ್ ಎಳೆದು ಸಿಕ್ಕಿಸಬಹುದು, ಲೈಟೂ ಉರೀತದೆ, ಆದ್ರೆ ಬಲ್ಬ್ ಒಳಗೆ ಸೊಟ್ಟ. ಬಲ್ಬ್ ಒಳಗೆ ಡಿಮ್ ಫಿಲಮೆಂಟಿನ ಅಡಿಗೆ ಉಗುರಿನಷ್ಟು ದೊಡ್ಡ ಲೋಹದ ಬಟ್ಟಲು ಕಾಣ್ತದೆ. ಬೆಳಕು ಕೆಳಗಿನ ರಿಫ್ಲೆಕ್ಟರಿಗೆ ಬೀಳದಂತೆ ಅದು ತಡೀತದೆ, ಅದರಿಂದಲೇ ಗೋಡೆ ಮೇಲೆ ಮೇಲಿನ ಕತ್ತಲೆಗೂ ಕೆಳಗಿನ ಬೆಳಕಿಗೂ ನಡುವೆ ಗೆರೆ ಬರೋದು. ಬಲ್ಬ್ ಸೊಟ್ಟ ಕೂತ್ರೆ ಆ ಗೆರೆಯೇ ಇಲ್ಲ, ಸ್ಕ್ರೂ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ಹಾಗೇ ಬಾನೆಟ್ ಮತ್ತು ಲೈಟಿನ ನಡುವಿನ ಸಂದಿ ಎರಡೂ ಕಡೆ ಒಂದೇ ಉಂಟಾ ನೋಡಿ. ಟೊಂಗೆ ಬಿದ್ದ ಪೆಟ್ಟಿಗೆ ಹಿಡಿದಿಡುವ ತಗಡು ಬಾಗಿದ್ರೆ ಅದು ಮೊದಲು ನೆಟ್ಟಗಾಗಬೇಕು.

ಗೋಡೆ ಬುಡ ಕೆಳಗಿದ್ದರೆ ಚಿಂತೆ ಬೇಡ, ನೆಲದಿಂದ ಅಳೀಲೇಬೇಡಿ. ಗೌಂಡಿಯವರ ಹತ್ರ ನೀರು ತುಂಬಿದ ಲೆವೆಲ್ ಪೈಪ್ ಇರ್ತದಲ್ಲ, ಅದನ್ನು ತನ್ನಿ. ಮಳೆನೀರು ಹರೀಲಿ ಅಂತ ಅಂಗಳಕ್ಕೆ ಓಟ ಕೊಟ್ಟಿರ್ತಾರೆ, ಅದಕ್ಕೆ ಮೊದಲು ಅದೇ ಪೈಪಿನಿಂದ ಮುಂದಿನ, ಹಿಂದಿನ ಚಕ್ರದ ಬುಡ ಸಮ ಉಂಟಾ ನೋಡಿ. ತಗ್ಗಿದ್ದ ಚಕ್ರದಡಿಗೆ ಹಲಗೆ ಕೊಡಿ. ನಾಲ್ಕೂ ಚಕ್ರಕ್ಕೆ ಹವಾ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಡಿಕ್ಕಿ ಖಾಲಿ ಇರಲಿ.

ಗಾಡಿಯನ್ನು ಗೋಡೆಗೆ ತಾಗುವಷ್ಟು ಹತ್ತಿರ ನೆಟ್ಟಗೆ ತಂದು, ಒಂದೊಂದು ಲೈಟಿನ ನಡುಮಧ್ಯದ ಎದುರಿಗೂ ಗೋಡೆ ಮೇಲೆ ಉದ್ದುದ್ದ (ಮೇಲಿಂದ ಕೆಳಕ್ಕೆ) ಟೇಪ್ ಅಂಟಿಸಿ. ಆಮೇಲೆ ನೆಟ್ಟಗೇ 5 ಮೀಟರ್ ಹಿಂದೆ ತಗೊಳ್ಳಿ. ಪೈಪಿನ ಒಂದು ತುದಿ ಲೈಟಿನ ಮಧ್ಯಕ್ಕೆ, ಇನ್ನೊಂದು ಗೋಡೆಗೆ ಹಿಡೀರಿ, ನೀರು ನಿಂತಲ್ಲಿ ಅಡ್ಡ ಗೆರೆ ಎಳೀರಿ. ಈಗ ಬಾನೆಟ್ ಎತ್ತಿ ನೋಡಿ, ಲೈಟಿನ ಮೇಲೋ ಹತ್ತಿರದ ಸ್ಟಿಕ್ಕರಿನಲ್ಲೋ ಬೆಳಕು ಎಷ್ಟು ಇಳೀಬೇಕು ಅನ್ನೋ ಶೇಕಡಾ ಲೆಕ್ಕ ಬರೆದಿರ್ತಾರೆ, ಸಾಮಾನ್ಯವಾಗಿ 1ರಿಂದ 1.5ರ ಒಳಗೆ. 1.3 ಅಂತಿದ್ರೆ 10 ಮೀಟರಿಗೆ 13 ಸೆಂಟಿಮೀಟರ್ ಇಳಿಯಬೇಕು, ನಿಮ್ಮ 5 ಮೀಟರಿಗೆ 6.5 ಸೆಂಟಿಮೀಟರ್. ಅಷ್ಟು ಕೆಳಗೆ ಇನ್ನೊಂದು ಟೇಪ್.

ಕತ್ತಲಾದ ಮೇಲೆ ಡಿಮ್ ಹಾಕಿ ಎಡಗಡೆ ಲೈಟಿಗೆ ದಪ್ಪ ಬಟ್ಟೆ ಮುಚ್ಚಿ. ಜಾಸ್ತಿ ಹೊತ್ತು ಬೇಡ, ಗಾಜು ಅಂತ ಕಾಣೋದು ಪ್ಲಾಸ್ಟಿಕ್, ಕಾದು ಹಾಳಾಗ್ತದೆ. ಬೆಳಕಿನ ಗೆರೆ ಬಲಕ್ಕೆ ಅಡ್ಡಡ್ಡ ಮಟ್ಟಸವಾಗಿ, ಎಡಕ್ಕೆ ಓರೆಯಾಗಿ ಮೇಲೇರ್ತದೆ. ನಾವು ಎಡಗಡೆ ಹೋಗುವವರಲ್ಲ, ಅದಕ್ಕೇ ನಮ್ಮ ಬದಿಯಲ್ಲಿ ನಡೆದು ಹೋಗುವವರು ದೂರದಿಂದ ಕಾಣಲಿ, ಎದುರಿನವರಿಗೆ ಕಣ್ಣು ಕುಕ್ಕದಿರಲಿ ಅಂತ. ಮಟ್ಟಸ ಭಾಗ ಕೆಳಗಿನ ಟೇಪಿಗೆ, ಓರೆ ಶುರುವಾಗುವ ಮೂಲೆ ಉದ್ದ ಟೇಪಿಗೆ ಬರುವವರೆಗೆ ಹಿಂದಿನ ಎರಡು ಸ್ಕ್ರೂ ತಿರುಗಿಸಿ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಓರೆ ಬಲಕ್ಕೆ ಏರ್ತಾ ಉಂಟು ಅಂದ್ರೆ ಅದು ಬಲಗಡೆ ಓಡಿಸೋ ದೇಶಕ್ಕೆ ಮಾಡಿದ ಲೈಟು. ಅದಕ್ಕೆ ಸೆಟಿಂಗ್ ಇಲ್ಲ, ವಾಪಸ್ ಕೊಡಿ.

ಹುಲೇಕಲ್ ವ್ಯಾಗನ್‌ಆರ್:
ಭಟ್ರು ಅಂದ್ಕೊಳ್ಳಿ. ತುಂಬ ಉಪಕಾರ ಆಯ್ತು. ಈಗಷ್ಟೇ ಮುಚ್ಚಳ ತೆಗೆದು ನೋಡಿದೆ, ಕೆಳಗಿನ ಒಂದು ಕಿವಿ ನಿಜವಾಗಿ ಹೊರಗೇ ಉಂಟು! ಕೂರಿಸಿದೆ, ಗೆರೆ ಸ್ಪಷ್ಟ ಬಂತು, ಆದ್ರೂ ಎಡಗಡೆಗಿಂತ ಸ್ವಲ್ಪ ಮೇಲೆ. ನಾಳೆ ಪೈಪ್ ತರಿಸ್ತೆ. ಹೈ ಬೀಮ್ ಬೇರೆ ಸೆಟ್ ಮಾಡ್ಬೇಕಾ? ಅಂಗಡಿಯವರು ಎಲ್‌ಇಡಿ ಬಲ್ಬ್ ಹಾಕಿ ಅಂತಾನೂ ಹೇಳ್ತಿದ್ದಾರೆ.

ಅಂಕೋಲೆ ವೈರಿಂಗ್:
ಹೈ ಬೀಮ್ ಬೇರೆ ಬೇಡ ಭಟ್ರೇ. ಎಚ್4ನಲ್ಲಿ ಎರಡೂ ಫಿಲಮೆಂಟ್ ಒಂದೇ ಬಲ್ಬಿನಲ್ಲಿ, ಒಂದೇ ರಿಫ್ಲೆಕ್ಟರಿನಲ್ಲಿ. ಡಿಮ್ ಸರಿ ಕೂತ್ರೆ ಅದೂ ಕೂತ ಹಾಗೆ.

ಎಲ್‌ಇಡಿ ಬೇಡ. ಆ ರಿಫ್ಲೆಕ್ಟರಿನ ಬಾಗು ಲೆಕ್ಕ ಹಾಕಿದ್ದು ಫಿಲಮೆಂಟ್ ಇರುವ ಜಾಗಕ್ಕೆ. ಎಲ್‌ಇಡಿಯ ಬೆಳಕು ಹೊರಡೋ ಜಾಗ, ಆಕಾರ ಬೇರೆ. ಗೆರೆ ಒಡೆದು ಬೆಳಕು ಚೆಲ್ಲಾಪಿಲ್ಲಿ ಆಗ್ತದೆ. 100 ವಾಟಿನ ಬಲ್ಬೂ ಬೇಡ, 60/55 ವಾಟಿನದೇ ಸಾಕು. ಹೋಲ್ಡರ್ ಕರಗಿದ ಗಾಡಿ ನನ್ನ ಹತ್ರ ಎಷ್ಟೋ ಬಂದಿದೆ.

ಇದು ಬರೀ ಮರ್ಯಾದೆಯ ವಿಷಯ ಅಲ್ಲ, ಕಾನೂನೂ ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ: ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಕಣ್ಣಿದ್ದವರಿಗೆ ಕಣ್ಣು ಕುಕ್ಕಬಾರದು. ಸೆಟಿಂಗ್ ಮುಗಿದ ಮೇಲೆ ಅದೇ ಜಾಗಕ್ಕೆ ಹೋಗಿ ಒಂದ್ಸಲ ನೀವೇ ನಿಂತು ನೋಡಿ. ಹೆದ್ದಾರಿಯಲ್ಲಿ ಮಳೆ ರಾತ್ರಿ ದನ ಮಲಗಿರ್ತಾವೆ, ಕಣ್ಣು ಮಂಜಾದ ಬೈಕಿನ ಹುಡುಗರಿಗೆ ಅದು ಕಾಣುವುದಿಲ್ಲ. ನನಗೆ ಈ ಕೆಲಸದಲ್ಲಿ ಹಠ ಬಂದದ್ದೇ ಅದಕ್ಕೆ.

ಬೈತಖೋಲ ಟ್ಯಾಕ್ಸಿ:
ಅಣ್ಣ, ಒಂದು ಸಂಶಯ. ಹಿಂದೆ ಲಗೇಜು, ಮೂರು ಜನ ಇದ್ರೆ ಮೂತಿ ಎತ್ತಿ ಮತ್ತೆ ಮೇಲೇ ಹೊಡೀತದಲ್ಲ?

ಅಂಕೋಲೆ ವೈರಿಂಗ್:
ಹೌದು. ಸ್ಟೀರಿಂಗಿನ ಬಲಕ್ಕೆ ಸೊನ್ನೆ, ಒಂದು, ಎರಡು ಅಂತ ಬರೆದ ಚಿಕ್ಕ ಗಾಲಿ ಇದ್ರೆ ಅದು ಇದಕ್ಕೇ ಕೊಟ್ಟದ್ದು. ಸೆಟಿಂಗ್ ಮಾಡುವಾಗ ಸೊನ್ನೆಯಲ್ಲೇ ಇರಬೇಕು, ಭಟ್ರೇ, ನಾಳೆ ಇದು ಮರೀಬೇಡಿ. ಅಡಿಕೆ ಮಾರುವ ಟಿಎಸ್ಎಸ್ ಸೊಸೈಟಿಗೆ ಚೀಲ ತುಂಬಿ ಹೊರಟಾಗ ಅಂಕಿ ಏರಿಸಿ, ಬೆಳಕು ಇಳೀತದೆ. ಚೀಲ ಇಳಿಸಿದ ಮೇಲೆ ಪುನಃ ಸೊನ್ನೆಗೆ ತನ್ನಿ, ಇಲ್ಲದಿದ್ರೆ ಬರುವಾಗ ಬೆಳಕು ಬಂಪರಿನ ಹತ್ತಿರವೇ ಬಿದ್ದು ತಿರುವು ಕಾಣುವುದಿಲ್ಲ.