ಪದಚರ್ಚೆ: ಪೋರ್ಟ್ ‘ತೆಗೆಯಿರಿ’ ಅಂದರೆ ಏನು ಮಾಡಬೇಕು?

ನಮಸ್ಕಾರ ಗೆಳೆಯರೇ,

‘ತೆಗೆ’ ಎಂಬ ಎರಡಕ್ಷರದ ಪದ ಕಳೆದ ತಿಂಗಳು ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಅದರ ಬಗ್ಗೆ ನಿಮ್ಮನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ಜೊತೆಗೆ ಇನ್ನೂ ಒಂದೆರಡು ಪದ ಇವೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹಾಸನದಲ್ಲಿ ಕಾಫಿ, ಮೆಣಸು ಕೊಂಡು ಮಾರುವ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸಕಲೇಶಪುರ, ಬೇಲೂರು, ಅರಸೀಕೆರೆಯಲ್ಲಿ ನಮ್ಮ ಶಾಖೆಗಳಿವೆ. ಎಲ್ಲ ಕಡೆಯೂ ಇಂಟರ್ನೆಟ್ ಫೈರ್‌ವಾಲ್ ಎಂಬ ಒಂದು ಕಾವಲು ಪೆಟ್ಟಿಗೆ ದಾಟಿಯೇ ಬರಬೇಕು. ಯಾರಿಗೆ ಏನು ಸಿಗಬೇಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಸಿಗಬೇಕು, ಯಾರು ಪೆಟ್ಟಿಗೆಯ ಸೆಟ್ಟಿಂಗ್ ಮುಟ್ಟಬಹುದು, ಇದನ್ನೆಲ್ಲ ಅದರಲ್ಲಿ ಬರೆದಿಡುವುದು ನನ್ನ ಕೆಲಸ. ಶಾಖೆಯ ಹುಡುಗರೇ ಸಣ್ಣಪುಟ್ಟದ್ದು ಮಾಡಿಕೊಳ್ಳಲಿ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲು ಹೊರಟೆ. 12 ಪುಟ ಆಗಿದೆ. ಆರನೇ ಪುಟದಿಂದ ತಲೆನೋವು.

ಮೊದಲು ನಡೆದದ್ದು ಹೇಳುತ್ತೇನೆ.

ಅದೊಂದು ಶನಿವಾರ. ಬಿಲ್ಲಿಂಗ್ ಸಾಫ್ಟ್‌ವೇರ್ ರಿಪೇರಿಗೆ ಹೊರಗಿನವರೊಬ್ಬರು ನಮ್ಮ ಲೆಕ್ಕದ ಕಂಪ್ಯೂಟರಿಗೆ ದೂರದಿಂದಲೇ ಬರಬೇಕಿತ್ತು. ಅದಕ್ಕೆ 3389 ಪೋರ್ಟನ್ನು ಅವರೊಬ್ಬರ ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಬಿಟ್ಟಿದ್ದೆ. ಪೋರ್ಟ್ ಅಂದರೆ ಕಂಪ್ಯೂಟರಿನ ಒಳಗೆ ಬರುವ, ಅಂಕಿ ಹಾಕಿದ ಒಂದು ದಾರಿ. ದೂರದಿಂದಲೇ ಕಂಪ್ಯೂಟರ್ ನಡೆಸುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಓಡಾಡುವ ದಾರಿ 3389. ಮಧ್ಯಾಹ್ನಕ್ಕೆ ಅವರ ಕೆಲಸ ಮುಗಿಯಿತು. ನಾನು ಬೇಲೂರಿಗೆ ಹೊರಡುವ ಅವಸರದಲ್ಲಿದ್ದೆ. ಹೊಸದಾಗಿ ಸೇರಿದ್ದ ಹುಡುಗನಿಗೆ ಒಂದು ಚೀಟಿ ಬರೆದು ಕೀಬೋರ್ಡ್ ಕೆಳಗೆ ಇಟ್ಟೆ: “ಲೆಕ್ಕದ ಕಂಪ್ಯೂಟರಿನ 3389 ತೆಗೆಯಿರಿ. ಸಂಜೆಯೊಳಗೆ.”

ನಾನು ಬರೆದದ್ದು ಆ ರೂಲ್ (ಯಾರನ್ನು ಬಿಡಬೇಕು ಅಂತ ಪೆಟ್ಟಿಗೆಯಲ್ಲಿ ಬರೆದ ಸಾಲು) ಅಳಿಸಿಬಿಡು ಅಂತ. ಅವನು ಓದಿದ್ದು ಬಾಗಿಲು ತೆಗೆ ಅಂತ. ಹೋಗಿ ನೋಡಿದ್ದಾನೆ. ಆಗಲೇ ಒಬ್ಬರಿಗೆ ತೆಗೆದಿದೆ. ಇನ್ನೂ ತೆಗೆಯಿರಿ ಅಂದರೆ ಎಲ್ಲರಿಗೂ ತೆಗೆಯಬೇಕೇನೋ ಅಂದುಕೊಂಡಿದ್ದಾನೆ. ಎಲ್ಲಿಂದ ಬರಬಹುದು ಎಂಬ ಜಾಗದಲ್ಲಿದ್ದ ಒಂದೇ ವಿಳಾಸ ಅಳಿಸಿ ‘ಆಲ್’ ಅಂತ ಹಾಕಿ, ಸೇವ್ ಒತ್ತಿ, ಮನೆಗೆ ಹೋಗಿದ್ದಾನೆ.

ಸೋಮವಾರ ಬೆಳಿಗ್ಗೆ ಆ ಕಂಪ್ಯೂಟರಿನ ಲಾಗ್, ಅಂದರೆ ಯಾರು ಯಾವಾಗ ಬಂದರು ಅಂತ ಅದು ತಾನೇ ಬರೆದಿಡುವ ಪಟ್ಟಿ, ತೆಗೆದು ನೋಡಿದೆ. (ನೋಡಿ, ಇಲ್ಲೇ ಇನ್ನೊಂದು ‘ತೆಗೆ’.) ಪುಟಗಟ್ಟಲೆ ಕೆಂಪು ಗುರುತು. ಯಾವ್ಯಾವುದೋ ದೇಶದ ವಿಳಾಸಗಳಿಂದ ‘ಅಡ್ಮಿನಿಸ್ಟ್ರೇಟರ್’, ‘ಟೆಸ್ಟ್’, ‘ಯೂಸರ್’ ಎಂಬ ಹೆಸರಿನಲ್ಲಿ ಬಾಗಿಲು ಬಡಿದಿದ್ದಾರೆ. ಪುಣ್ಯಕ್ಕೆ ಯಾರೂ ಒಳಗೆ ಬಂದಿರಲಿಲ್ಲ. ಎಲ್ಲ ಪಾಸ್‌ವರ್ಡ್ ಬದಲಾಯಿಸಿದ್ದಾಯಿತು. ಬಯ್ಯೋಣ ಅಂತ ಹುಡುಗನನ್ನು ಕರೆದೆ. ಚೀಟಿ ಇನ್ನೂ ಅವನ ಜೇಬಿನಲ್ಲಿತ್ತು. ಮಡಿಕೆ ಬಿಡಿಸಿ ನನ್ನ ಮುಂದೆ ಹಿಡಿದ.

“ಅಕ್ಕಾ, ನೀವೇ ತೆಗೀರಿ ಅಂತ ಬರ್ದಿದ್ದೀರಲ್ಲ?”

ಬಯ್ಯಲು ಬಾಯಿ ಬರಲಿಲ್ಲ. ಅವನ ಕನ್ನಡ ಸರಿಯಾಗೇ ಇತ್ತು.

ಆಮೇಲೆ ಕೂತು ಯೋಚಿಸಿದೆ. ಬಾಗಿಲು ತೆಗೆ ಅಂದರೆ ತೆರೆ. ಬಾಗಿಲು ಹಾಕು ಅಂದರೆ ಮುಚ್ಚು. ರೂಲ್ ಹಾಕು ಅಂದರೆ ಸೇರಿಸು. ರೂಲ್ ತೆಗೆ ಅಂದರೆ ಅಳಿಸು. ಎರಡೂ ಪದ ಪೂರ್ತಿ ಉಲ್ಟಾ ತಿರುಗಿ ಕೂತಿವೆ. ಹಾಗಾದರೆ ಪೋರ್ಟ್ ಏನು? ಬಾಗಿಲಾ, ಸಾಮಾನಾ? ಇಂಗ್ಲಿಷ್ ಪದವನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಕನ್ನಡದ ಕ್ರಿಯಾಪದ ಹಾಕಿದರೆ ಆಯ್ತು ಅಂದುಕೊಂಡಿದ್ದೆ. ಗೊಂದಲ ಆ ಕ್ರಿಯಾಪದದಲ್ಲೇ ಇತ್ತು.

‘ಹಾಕು’ ಏನು ಕಮ್ಮಿಯಾ? ಲೈಟ್ ಹಾಕು ಅಂದರೆ ಉರಿಸು. ಅಂಗಡಿ ಹಾಕಿದ ಅಂದರೆ ಹೊಸದಾಗಿ ಶುರು ಮಾಡಿದ. ಅಂಗಡಿ ಬಾಗಿಲು ಹಾಕಿದ ಅಂದರೆ ದಿವಾಳಿ ಎದ್ದನೋ, ಊಟಕ್ಕೆ ಹೋದನೋ, ಪಕ್ಕದ ಅಂಗಡಿಯವರನ್ನೇ ಕೇಳಬೇಕು.

ನಮ್ಮ ಊರಿನವರಿಗಂತೂ ‘ಬಾಗಿಲು ತೆಗೆ’ ಅಂದರೆ ಮೊದಲು ನೆನಪಾಗುವುದು ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಹೊತ್ತಿಗೆ ಹಾಕುತ್ತಾರೆ. “ಅಮ್ಮನ ಬಾಗಿಲು ತೆಗೆದ್ರಾ?” ಅಂತ ಕೇಳಿದರೆ ಯಾರೂ ಬಾಗಿಲು ಕಿತ್ತು ಗಾಡಿಗೆ ಹಾಕಿದರಾ ಅಂದುಕೊಳ್ಳುವುದಿಲ್ಲ. ‘ಬಾಗಿಲು’ ಎಂಬ ಪದ ಪಕ್ಕದಲ್ಲೇ ಇದೆಯಲ್ಲ, ಅದು ಅರ್ಥವನ್ನು ಹಿಡಿದು ನಿಲ್ಲಿಸುತ್ತದೆ. ‘3389’ ಎಂಬ ಅಂಕಿಗೆ ಆ ಶಕ್ತಿ ಇಲ್ಲ.

ಹಳಗನ್ನಡದಲ್ಲಿ ‘ತೆಗೆ’ಗೆ ಎಳೆಯುವ ಅರ್ಥ ಇದೆ. ಕಾವ್ಯಗಳಲ್ಲಿ ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ತೆಗೆಯುತ್ತಾರೆ. ಬಾಗಿಲಿಗೆ ಈ ಪದ ಹೇಗೆ ಅಂಟಿತು ಎಂಬುದಕ್ಕೆ ನನ್ನದೊಂದು ಊಹೆ ಇದೆ, ಸರಿಯೋ ತಪ್ಪೋ ನೀವು ಹೇಳಿ. ಹಳೇ ಮನೆ ಬಾಗಿಲಿನ ಹಿಂದೆ ಅಗುಳಿ ಇರುತ್ತದಲ್ಲ. ಅಗುಳಿ ಎಳೆದು ತೆಗೆದರೆ ಬಾಗಿಲು ತೆರೆಯಿತು. ಅಗುಳಿ ಹಾಕಿದರೆ ಮುಚ್ಚಿತು. ಈಗಲೂ ‘ಚಿಲಕ ತೆಗಿ’, ‘ಚಿಲಕ ಹಾಕು’ ಅಂತಲೇ ಅನ್ನುತ್ತೇವೆ. ತೆಗೆಯುವುದು, ಹಾಕುವುದು ನಿಜಕ್ಕೂ ಅಗುಳಿಗೆ ಸೇರಿದ್ದು. ಬಾಗಿಲಿಗೆ ಆಮೇಲೆ ಜಾರಿಕೊಂಡು ಬಂದಿರಬೇಕು.

ಇದು ಹೊಳೆದ ಮೇಲೆ ನನ್ನ ಎಡವಟ್ಟು ಎಲ್ಲಿ ಎಂದು ಗೊತ್ತಾಯಿತು. ನಮ್ಮ ಮಾತಿನಲ್ಲಿರುವುದು ಮನೆ ಬಾಗಿಲು. ಅಡ್ಡ ಒಂದು ಅಗುಳಿ ಇದೆ, ಅದನ್ನು ತೆಗೆದರೆ ದಾರಿ. ಫೈರ್‌ವಾಲ್ ಹಾಗಲ್ಲ. ಅದು ಹೆಸರಿಗೆ ತಕ್ಕ ಹಾಗೆ ಗೋಡೆ. ಹೊರಗಿನಿಂದ ಬರುವುದಕ್ಕೆ ಮೊದಲಿನಿಂದಲೂ ಮುಚ್ಚಿಯೇ ಇರುತ್ತದೆ. ರೂಲುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡುತ್ತಾ ಹೋಗುತ್ತದೆ. ಮೊದಲು ಹೊಂದಿದ್ದು ಯಾವುದೋ ಅದರಂತೆ ನಡೆಯುತ್ತದೆ. ಯಾವುದೂ ಹೊಂದದಿದ್ದರೆ ಕೊನೆಗೆ ‘ಇಲ್ಲ, ಹೋಗು’. ಅಂದರೆ ಇಲ್ಲಿ ದಾರಿ ಆಗಬೇಕಾದರೆ ಏನಾದರೂ ಹಾಕಬೇಕು, ಮುಚ್ಚಬೇಕಾದರೆ ಹಾಕಿದ್ದನ್ನು ತೆಗೆಯಬೇಕು. ಅದೇ ‘ಬಿಡಬೇಡ’ ಅಂತ ಬರೆದ ರೂಲ್ ಆದರೆ ಮತ್ತೆ ಅಗುಳಿ ಲೆಕ್ಕ. ಅದನ್ನು ತೆಗೆದರೆ ದಾರಿ ಆದರೂ ಆಗಬಹುದು. ಆ ಹುಡುಗ ತಬ್ಬಿಬ್ಬಾಗದೆ ಇನ್ನೇನು?

‘ಬಿಡು’ ಕೂಡ ನಂಬುವ ಹಾಗಿಲ್ಲ. “ಗೋಡೌನ್ ಕಂಪ್ಯೂಟರ್ ಬಿಡಿ” ಅಂದರೆ ಒಳಗೆ ಬಿಡುವುದಾ, ಲೆಕ್ಕದಿಂದ ಬಿಟ್ಟುಬಿಡುವುದಾ? ಸದ್ಯಕ್ಕೆ ಕೈಪಿಡಿಯಲ್ಲಿ ‘ದಾರಿ ಕೊಡಿ’, ‘ದಾರಿ ಮುಚ್ಚಿ’, ‘ರೂಲ್ ಸೇರಿಸಿ’, ‘ರೂಲ್ ಅಳಿಸಿ’ ಅಂತ ನಾಲ್ಕೇ ನಾಲ್ಕು ಮಾತು ಇಟ್ಟುಕೊಂಡಿದ್ದೇನೆ. ‘ಅನುಮತಿಸು’, ‘ನಿರಾಕರಿಸು’ ಇವೆಯಲ್ಲ ಅನ್ನುತ್ತೀರಿ. ಇವೆ. ಅರ್ಥವೂ ಸ್ಪಷ್ಟ. ಆದರೆ ರಾತ್ರಿ ಎಂಟಕ್ಕೆ ಸಕಲೇಶಪುರದಿಂದ ಫೋನ್ ಮಾಡಿ “ಅಕ್ಕಾ, ಅನುಮತಿಸಲಾ ನಿರಾಕರಿಸಲಾ?” ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ನನಗೇ ನಗು ಬರುತ್ತದೆ.

ಈಗ ಎರಡನೇ ಪ್ರಶ್ನೆ. ಆಕ್ಸೆಸ್ ಪ್ರೊಫೈಲ್. ಯಾರಿಗೆ ಏನೇನು ಸಿಗಬೇಕು, ಯಾರು ಏನನ್ನು ಮುಟ್ಟಬಹುದು ಅಂತ ಪೆಟ್ಟಿಗೆಯಲ್ಲಿ ಬರೆದಿಡುವ ಪಟ್ಟಿ ಅದು.

‘ಪ್ರೊಫೈಲ್’ ಎಂದೇ ಇಟ್ಟುಕೊಳ್ಳೋಣ ಅಂತಿದ್ದೆ. ಅರಸೀಕೆರೆಯ ಒಬ್ಬರಿಗೆ “ನಿಮ್ಮ ಪ್ರೊಫೈಲ್ ಬದಲಾಯಿಸಬೇಕು” ಅಂತ ಮೆಸೇಜ್ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರ ಹೊಸ ಫೋಟೋ ಬಂತು. ಕೋಟು ಹಾಕಿಕೊಂಡಿದ್ದರು. ವಾಟ್ಸ್ಆ್ಯಪ್ ಕಾಲದಲ್ಲಿ ಪ್ರೊಫೈಲ್ ಅಂದರೆ ಫೋಟೋ. ಅವರದೇನೂ ತಪ್ಪಿಲ್ಲ.

‘ಆಕ್ಸೆಸ್’ಗೆ ಎಲ್ಲರೂ ‘ಪ್ರವೇಶ’ ಅನ್ನುತ್ತಾರೆ. ನನಗೆ ಒಗ್ಗುತ್ತಿಲ್ಲ. ಪ್ರವೇಶ ಹೊಸ್ತಿಲಲ್ಲೇ ಮುಗಿಯುತ್ತದೆ. ಇಲ್ಲಿನ ವಿಷಯ ಹೊಸ್ತಿಲು ದಾಟಿದ ಮೇಲಿನದು. ಮತ್ತೆ ಹಾಸನಾಂಬೆಗೇ ಬರುತ್ತೇನೆ. ಧರ್ಮದರ್ಶನದ ಸಾಲು, 300 ರೂಪಾಯಿ ಸಾಲು, 1000 ರೂಪಾಯಿ ಸಾಲು, ಒಳಗೆ ಹೋಗುವುದು ಎಲ್ಲರೂ. ಬೇಗ ಹೋಗುತ್ತಾರೋ ನಿಧಾನ ಹೋಗುತ್ತಾರೋ, ಅಷ್ಟೇ. 1000 ಕೊಟ್ಟವರೂ ಕೈ ಮುಗಿದು ನೋಡಿ ಬರಬೇಕು. ಅಮ್ಮನಿಗೆ ಹೂವು ಏರಿಸುವವರು ಅರ್ಚಕರು. ಒಳಗೆ ಹೋದ ಮೇಲೆ ನೋಡಬಹುದಾ, ಮುಟ್ಟಬಹುದಾ ಎಂಬುದನ್ನು ‘ಪ್ರವೇಶ’ ಎಂಬ ಪದ ಹೇಳುವುದಿಲ್ಲ.

ಪೆಟ್ಟಿಗೆಯಲ್ಲಿ ಇದು ಹೇಗಿರುತ್ತದೆ ಅಂದರೆ, ಬೇಲೂರಿನ ಹುಡುಗನದೇ ತೆಗೆದುಕೊಳ್ಳಿ. (ಮತ್ತೆ ‘ತೆಗೆ’! ಬಿಡಲೊಲ್ಲದು.) ಲಾಗ್ ಅವನಿಗೆ ಕಾಣಬೇಕು. ರೂಲುಗಳೂ ಕಾಣಬೇಕು, ಆದರೆ ಕೈ ಹಾಕಬಾರದು. ಬಳಕೆದಾರರ ಪಟ್ಟಿಯನ್ನು ಅವನು ತಿದ್ದಬೇಕು, ಯಾಕೆಂದರೆ ದಿನಾ ಯಾರಾದರೊಬ್ಬರು ಪಾಸ್‌ವರ್ಡ್ ಮರೆಯುತ್ತಾರೆ. ಪೆಟ್ಟಿಗೆಯ ಮೂಲ ಸೆಟ್ಟಿಂಗ್ ಅವನಿಗೆ ಕಾಣಲೇಬಾರದು. ಒಂದೊಂದು ವಿಭಾಗದ ಮುಂದೆ ‘ನನ್’, ‘ರೀಡ್’, ‘ರೀಡ್-ರೈಟ್’ ಅಂತ ಮೂರು ಆಯ್ಕೆ. ಇವಕ್ಕೆ ಮಾತ್ರ ನನಗೆ ತೃಪ್ತಿ ಆಗುವ ಪದ ಸಿಕ್ಕಿವೆ: ‘ಕಾಣದು’, ‘ನೋಡಬಹುದು’, ‘ತಿದ್ದಬಹುದು’. ಒಮ್ಮೆ ಹೇಳಿದರೆ ಸಾಕು, ಯಾರೂ ಎರಡನೇ ಸಲ ಕೇಳಲಿಲ್ಲ. ‘ಓದಲು ಮಾತ್ರ’ ಅನ್ನುವುದಕ್ಕಿಂತ ಇದು ಚೆನ್ನ ಅಲ್ವಾ? ಲಾಗ್ ಅನ್ನು ಯಾರು ಓದುತ್ತಾರೆ, ನೋಡುತ್ತಾರೆ ಅಷ್ಟೇ.

ಇಡೀ ಪ್ರೊಫೈಲ್‌ಗೆ ಒಂದು ಹೆಸರು ಬೇಕು. ‘ಹಕ್ಕುಪತ್ರ’ ಅಂತ ಯೋಚಿಸಿದೆ. ನಮ್ಮ ಜಿಲ್ಲೆಯಲ್ಲಿ ಆ ಮಾತು ಎತ್ತಿದರೆ ಜಮೀನಿನ ಕಡೆಗೇ ಹೋಗುತ್ತದೆ. ‘ಸಲಿಗೆ’ ಮುದ್ದಾದ ಪದ, ಆದರೆ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂಬ ಭಯ ಅದರ ಜೊತೆಗೇ ಬರುತ್ತದೆ. ‘ಪಾತ್ರ’ ಅಂತ ಕೆಲವು ಕಡೆ ನೋಡಿದ್ದೇನೆ. “ನಿಮ್ಮ ಪಾತ್ರ ಬದಲಾಗಿದೆ” ಅಂದರೆ ನಮ್ಮ ಗುಮಾಸ್ತರು ಬಣ್ಣ ಹಚ್ಚಿಕೊಂಡು ಬಂದಾರು. ‘ನಿಲುಕು’ ಪರವಾಗಿಲ್ಲ. ಕೈಗೆ ನಿಲುಕುವುದು ಎಷ್ಟು, ನಿಲುಕದ್ದು ಎಷ್ಟು. ಉಪ್ಪಿನಕಾಯಿ ಜಾಡಿಯನ್ನು ಬೇಕಂತಲೇ ಅಟ್ಟದ ಮೇಲೆ ಇಡುತ್ತಾರಲ್ಲ, ಆ ಭಾವ ಇದೆ. ಆದರೆ ‘ನಿಲುಕುಪಟ್ಟಿ’ ಅಂತ ಸೇರಿಸಿದ ಕೂಡಲೇ ಪದ ಸೆಟೆದುಕೊಳ್ಳುತ್ತದೆ.

ಸಕಲೇಶಪುರ ಶಾಖೆಯಲ್ಲಿ ಹಿರಿಯರೊಬ್ಬರಿದ್ದಾರೆ. ಹಿಂದೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಅವರಿಗೆ ಪರದೆ ತೋರಿಸಿ ಇದಕ್ಕೆ ಏನನ್ನಬಹುದು ಸಾರ್ ಅಂದೆ. ಕನ್ನಡಕ ಏರಿಸಿ, ಕಾಲಂಗಳ ಮೇಲೆ ಬೆರಳು ಆಡಿಸಿ, “ಇದು ಪಹಣಿ ಅಲ್ವೇನಮ್ಮ?” ಅಂದರು. ಯಾರ ಹೆಸರು, ಎಷ್ಟು ಜಾಗ, ಏನು ಋಣ, ಎಲ್ಲ ಕಾಲಂನಲ್ಲಿ. ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಆದರೆ ಅಂದಿನಿಂದ ಆ ಶಾಖೆಯಲ್ಲಿ “ನನ್ನ ಪಹಣಿಯಲ್ಲಿ ಯೂಟ್ಯೂಬ್ ಇಲ್ಲ” ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಕೈಪಿಡಿಯಲ್ಲಿ ಹಾಕುವ ಧೈರ್ಯ ನನಗಿಲ್ಲ. ಸದ್ಯಕ್ಕೆ ‘ಬಳಕೆ ಪಟ್ಟಿ’ ಅಂತ ಬರೆದಿದ್ದೇನೆ. ಸಪ್ಪೆ, ಗೊತ್ತು.

ಅದೇ ಹಿರಿಯರು ಇನ್ನೊಂದು ಪದ ಕೊಟ್ಟರು. ಅದು ನನಗೆ ಬಹಳ ಹಿಡಿಸಿದೆ. ನಮ್ಮ ಪೆಟ್ಟಿಗೆಗೆ ಗೇಟ್‌ವೇ ಅಂತಲೂ ಅನ್ನುತ್ತಾರಲ್ಲ, ಗೇಟ್‌ವೇ ಅಂದರೆ ಏನಮ್ಮ, ಗೇಟಾ ಅಂದರು. ಗೇಟೇ, ಆದರೆ ಬರುವವರು ಯಾರು ಅಂತ ನೋಡಿ ಬಿಡುವ ಗೇಟು ಅಂದೆ. “ಹಂಗಾದ್ರೆ ಉಣುಗೋಲಲ್ಲ, ತಡಬೆ” ಅಂದರು.

ಮಲೆನಾಡಿನವರಿಗೆ ಗೊತ್ತಿರುತ್ತದೆ. ಉಣುಗೋಲು ಅಂದರೆ ಎರಡು ಕಂಬ, ಅವುಗಳ ತೂತಿನಲ್ಲಿ ಅಡ್ಡಕ್ಕೆ ತೂರಿಸಿದ ಗಳು. ಗಾಡಿ ಬಂದರೆ ಗಳು ಸರಿಸಬೇಕು. ಸರಿಸಿದಾಗ ಗಾಡಿಯ ಹಿಂದೆ ದನವೂ ನುಗ್ಗುತ್ತದೆ. ತಡಬೆ, ಕೆಲವು ಕಡೆ ತಡಮೆ, ಬೇಲಿಯಲ್ಲಿ ಕಾಲೆತ್ತಿ ದಾಟುವ ಹಾಗೆ ಮಾಡಿದ ಜಾಗ. ಮನುಷ್ಯರು ಮೆಟ್ಟಿ ಆಚೆ ಇಳಿಯಬಹುದು, ದನ ದಾಟಲಾರದು. ಅದನ್ನು ತೆಗೆಯುವುದೂ ಇಲ್ಲ, ಹಾಕುವುದೂ ಇಲ್ಲ. ಹಗಲು ರಾತ್ರಿ ಹಾಗೇ ಇರುತ್ತದೆ. ಯಾರು ದಾಟಬಹುದು ಎಂಬುದು ಅದನ್ನು ಕಟ್ಟುವಾಗಲೇ ತೀರ್ಮಾನ ಆಗಿರುತ್ತದೆ. ನಮ್ಮ ಪೆಟ್ಟಿಗೆ ಮಾಡುವುದೂ ಅದನ್ನೇ ಅಲ್ವಾ?

ತೊಂದರೆ ಏನೆಂದರೆ ನಮ್ಮದು ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯ ಜಿಲ್ಲೆ. ಅರಸೀಕೆರೆಯಲ್ಲಿ ‘ತಡಬೆ’ ಅಂದರೆ ಮುಖ ನೋಡಿದರು. ವಿವರಿಸಿದ ಮೇಲೆ ಒಪ್ಪಿದರು. ಆದರೆ ವಿವರಿಸಿಯೇ ಹೇಳಬೇಕಾದ ಪದಕ್ಕಿಂತ ಎಲ್ಲರೂ ಹೇಳುವ ‘ಫೈರ್‌ವಾಲ್’ ಏನು ಕೆಟ್ಟದ್ದು?

ಇನ್ನೊಂದು ಬೇಗ ಕೇಳಿಬಿಡುತ್ತೇನೆ. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ರಕ್ಷಣೆಗೆ ಕೆಲವು ಸೂತ್ರ ಬರೆದರು. ಅದರಲ್ಲಿ ಒಂದು, ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಜಾಸ್ತಿ ಬೇಡ ಎಂಬುದು. ಇದನ್ನು ‘ಕನಿಷ್ಠ ಸವಲತ್ತಿನ ತತ್ವ’ ಅಂತ ಬರೆದರೆ ಸರ್ಕಾರಿ ಸುತ್ತೋಲೆ ಆಗುತ್ತದೆ. ‘ಕೆಲಸಕ್ಕಷ್ಟೇ’ ಅಂತ ಬರೆದಿದ್ದೇನೆ. ಸಾಕಾ?

ಲಾಗ್‌ಗೆ ‘ದಾಖಲೆ’ ಬೇಡ ಅಂತ ನಿರ್ಧಾರ ಮಾಡಿದ್ದೇನೆ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ (ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ನಿರ್ದೇಶನದಂತೆ 180 ದಿನದ ಲಾಗ್ ಇಟ್ಟುಕೊಳ್ಳಬೇಕು. ಇದನ್ನು ‘ದಾಖಲೆ ಇಟ್ಟುಕೊಳ್ಳಿ’ ಅಂತ ಬರೆದಿದ್ದಕ್ಕೆ ಒಬ್ಬರು ಆಧಾರ್ ಕಾರ್ಡಿನ ಜೆರಾಕ್ಸ್ ಫೈಲ್ ಮಾಡಿಟ್ಟಿದ್ದರು. ಲಾಗ್ ಲಾಗೇ ಇರಲಿ.

ಹಾಗಾಗಿ ಕೇಳುತ್ತಿರುವುದು ಇಷ್ಟು: ‘ತೆಗೆ’ ಬಾಗಿಲಿಗೆ ಹೇಗೆ ಬಂತು, ನನ್ನ ಅಗುಳಿ ಊಹೆಗೆ ಏನಾದರೂ ಆಧಾರ ಇದೆಯಾ? ನಿಮ್ಮ ಕಡೆ ಪೋರ್ಟ್ ‘ತೆಗೆ’ ಅಂದರೆ ಯಾವ ಅರ್ಥ ಮಾಡಿಕೊಳ್ಳುತ್ತಾರೆ? ‘ಬಳಕೆ ಪಟ್ಟಿ’ಗಿಂತ ಕಡಿಮೆ ಸಪ್ಪೆಯಾದ ಪದ ಯಾರ ಹತ್ತಿರ ಇದೆ? ಬರುವ ಶನಿವಾರ ಕೈಪಿಡಿ ಜೆರಾಕ್ಸ್‌ಗೆ ಹೋಗುತ್ತದೆ, ಅದಕ್ಕೆ ಮುಂಚೆ ಹೇಳಿದರೆ ಉಪಕಾರ.

ಹುಡುಗ ಮಾತ್ರ ನನಗಾಗಿ ಕಾಯಲಿಲ್ಲ. ಆ ಚೀಟಿಯನ್ನೇ ಸರ್ವರ್ ರೂಮಿನ ರ‍್ಯಾಕ್‌ಗೆ ಅಂಟಿಸಿ, ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದಾನೆ: “ತೆಗೀರಿ ಅಂದ್ರೆ ಮೊದಲು ಅಕ್ಕನಿಗೆ ಫೋನ್ ಮಾಡಿ.”